ಎದುರಾಳಿಯ ಬಾಯಲ್ಲಿ ಉಳಿದವರು

ಗುಂಡ್ಲುಪೇಟೆ
12 ಜೂನ್ 2024

ಶ್ರೀ ದೊಡ್ಡಮಾದಯ್ಯನವರಿಗೆ,

ನಲವತ್ತು ವರ್ಷಗಳ ನಂತರ ತಮಗೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು, ತಮ್ಮ ನಂಬರು ಮಗ ಬಸವಪ್ರಸಾದನ ಮೊಬೈಲಿನಲ್ಲಿದೆ. ಆದರೆ ಫೋನಿನಲ್ಲಿ ಮೊದಲು ಸಂತಾಪದ ಮಾತುಗಳು ನಡೆಯಬೇಕಾಗುತ್ತದೆ. ಅವು ಸಾಕಷ್ಟು ನಡೆದಿವೆ. ನನಗೆ ಬೇಕಾಗಿರುವುದು ಒಂದು ವಿಷಯದ ಮೇಲೆ ತಮ್ಮ ಅಭಿಪ್ರಾಯ, ಅಷ್ಟೇ.

ಕಳೆದ ಸೆಪ್ಟೆಂಬರಿನ ಆ ಶನಿವಾರ ಚಾಮರಾಜನಗರದ ತಮ್ಮ ಮನೆಯಿಂದ ಹಿಂದಿರುಗುವಾಗ ತೆರಕಣಾಂಬಿಯ ಬಳಿ ನನ್ನ ಮಗನ ಬೈಕು ಜಾರಿತು. ಅವನು ಇಲ್ಲಿನ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ. ಪ್ರತಿ ಶನಿವಾರ ತಮ್ಮಲ್ಲಿಗೆ ಬರುತ್ತಿದ್ದನೆಂಬುದು ನನಗೆ ಗೊತ್ತಿತ್ತು. ಏಕೆ ಬರುತ್ತಿದ್ದನೆಂದು ಗೊತ್ತಾದದ್ದು ಅವನ ಕಂಪ್ಯೂಟರಿನಲ್ಲಿ ಒಂದು ಪುಸ್ತಕದ ಹಸ್ತಪ್ರತಿ ಸಿಕ್ಕಾಗ. ಹೆಸರು ‘ಯಾರನ್ನು ಎಲ್ಲಿ ಕೂರಿಸಿದರು’. ಬೌದ್ಧ ಪಂಥಗಳನ್ನು ಬೇರೆಬೇರೆ ನಾಡಿನವರು ಹೇಗೆ ವಿಂಗಡಿಸಿದರು ಎಂಬುದು ವಿಷಯ. ಅವನ ವರ್ಷದ ಸ್ಮರಣೆಯ ಹೊತ್ತಿಗೆ ಅದನ್ನು ಅಚ್ಚು ಹಾಕಿಸುವ ಉದ್ದೇಶ ನನ್ನದು.

ಓದಿದೆ. ವಾಕ್ಯಗಳು ಸ್ವಚ್ಛವಾಗಿವೆ. ಮೊದಲ ಅಧ್ಯಾಯ ಸಿಂಹಳದವರದು: ತಮ್ಮ ಪಂಥವೇ ಆಲದ ಮರ, ಮಿಕ್ಕ ಹದಿನೇಳು ಅದರ ಮೇಲಿನ ಮುಳ್ಳುಗಳು. ಎರಡನೆಯದು ನಮ್ಮ ವೈದಿಕ ಪಂಡಿತರದು: ಬೌದ್ಧರನ್ನು ನಾಲ್ಕು ಗುಂಪು ಮಾಡಿ, ಚಾರ್ವಾಕನಿಗಿಂತ ಒಂದೇ ಮೆಟ್ಟಿಲು ಮೇಲೆ, ಖಂಡಿಸಲು ಅನುಕೂಲವಾಗುವಂತೆ ನಿಲ್ಲಿಸಿದರು. ಮೂರನೆಯದು ಚೀನಾದವರದು: ಯಾವ ಮಾತೂ ಸುಳ್ಳಲ್ಲ, ಬುದ್ಧ ತನ್ನ ಆಯಸ್ಸಿನ ಯಾವ ಕಾಲದಲ್ಲಿ ಯಾವ ಕೇಳುಗನಿಗೆ ಯಾವುದನ್ನು ಹೇಳಿದ ಎಂದು ಹಾಲು, ಕೆನೆ, ಮೊಸರು, ಬೆಣ್ಣೆ, ತುಪ್ಪ ಎಂಬ ಕ್ರಮದಲ್ಲಿ ಜೋಡಿಸಿದರು. ನಾಲ್ಕನೆಯದು ಟಿಬೆಟ್ಟಿನವರದು: ಅದೇ ನಾಲ್ಕು ಗುಂಪು, ಆದರೆ ಮೆಟ್ಟಿಲುಗಳಾಗಿ. ತುದಿಯಲ್ಲಿ ಶೂನ್ಯವನ್ನು ಹೇಳುವ ಮಾಧ್ಯಮಿಕರು.

ಇಲ್ಲಿಗೆ ನಿಲ್ಲಬೇಕಿತ್ತು. ಆದರೆ ಐದನೆಯ ಅಧ್ಯಾಯವೊಂದಿದೆ, ‘ಪಟ್ಟಿಯ ಹೊರಗಿನವರು’ ಎಂದು. ಅದು ಪುದ್ಗಲವಾದಿಗಳ ಕುರಿತದ್ದು. ಆತ್ಮವಿಲ್ಲ ಎಂಬ ಬೌದ್ಧರ ನಡುವೆಯೇ ಇದ್ದು, ‘ವ್ಯಕ್ತಿ’ ಎಂಬುದು ಒಂದಿದೆ, ಬೆಂಕಿ ಸೌದೆಯೂ ಅಲ್ಲ ಸೌದೆಯಿಂದ ಬೇರೆಯೂ ಅಲ್ಲ ಎಂಬ ಹಾಗೆ ಅದು ಇದೆ, ಆದರೆ ಹೇಳಲಾಗದು ಎಂದವರು. ಉಳಿದ ಪಂಥಗಳೆಲ್ಲ ಒಟ್ಟುಗೂಡಿ ಖಂಡಿಸಿದ ವಾದ. ಅವರ ಸ್ವಂತ ಗ್ರಂಥಗಳು ಬಹುಪಾಲು ಉಳಿದೂ ಇಲ್ಲ.

ನಮ್ಮ ಪದ್ಧತಿ ತಮಗೆ ಗೊತ್ತು. ಎದುರಾಳಿಯ ಪೂರ್ವಪಕ್ಷ ಮೊದಲು, ತನ್ನ ಸಿದ್ಧಾಂತ ಕೊನೆಗೆ. ಕೊನೆಯಲ್ಲಿ ನಿಂತದ್ದೇ ಲೇಖಕನ ಮತ. ನನ್ನ ಮಗ ಸೋತ ವಾದವೊಂದನ್ನು ಹಿಡಿದುಕೊಂಡು ಹೋದನೆಂದು ಓದುವವರು ತೀರ್ಮಾನಿಸುವುದು ನನಗೆ ಬೇಕಿಲ್ಲ. ಆದ್ದರಿಂದ ಐದನೆಯದನ್ನು ಎರಡನೆಯದಾಗಿ ಸೇರಿಸಿ, ಟಿಬೆಟ್ಟನ್ನು ಕೊನೆಗಿಡಲು ನಿಶ್ಚಯಿಸಿದ್ದೇನೆ. ತಾವು ಒಪ್ಪಿ, ಒಂದು ಮುನ್ನುಡಿಯನ್ನೂ ಬರೆದುಕೊಡಬೇಕೆಂದು ಕೋರುತ್ತೇನೆ.

ಇಲ್ಲಿ ಎಲ್ಲರೂ ಕ್ಷೇಮ.

ಸಿದ್ದಮಲ್ಲಪ್ಪ


ಚಾಮರಾಜನಗರ
20 ಜೂನ್ 2024

ಸಿದ್ದಮಲ್ಲಪ್ಪನವರಿಗೆ ವಂದನೆಗಳು.

ನಿಮ್ಮ ಅಕ್ಷರ ಬದಲಾಗಿಲ್ಲ. ಲಕೋಟೆ ನೋಡಿದ ತಕ್ಷಣ ನಮ್ಮ ಮನೆಯಾಕೆ ಕುಮಾರಿಗೆ ಹೇಳಿದೆ, ಇದು ಇಂಥವರದೇ ಎಂದು. ಅವಳು ಒಡೆಯಲು ಬಿಡದೆ ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು.

ಪುಸ್ತಕ ಅಚ್ಚಾಗಲಿ. ಕರಡು ತಿದ್ದುವ ಕೆಲಸವಿದ್ದರೆ ಕಳಿಸಿ. ನಿವೃತ್ತ ಮೇಷ್ಟ್ರಿಗೆ ಅದಕ್ಕಿಂತ ಒಳ್ಳೆಯ ಕಾಲಕ್ಷೇಪವಿಲ್ಲ. ಆದರೆ ನಿಮ್ಮ ಎರಡು ಕೋರಿಕೆಗಳನ್ನೂ ನಾನು ನಡೆಸಿಕೊಡಲಾರೆ. ಐದನೆಯ ಅಧ್ಯಾಯ ಇರುವಲ್ಲೇ ಇರಲಿ. ಮುನ್ನುಡಿ ನಾನು ಬರೆಯುವುದಲ್ಲ.

ಕೊನೆಯದೇ ಸಿದ್ಧಾಂತ ಎಂಬುದು ನಮ್ಮ ಕಡೆಯ ರೂಢಿ. ಆ ರೂಢಿಯ ಮೇಲೆಯೇ ಅಲ್ಲವೆ ಅವನು ಪುಸ್ತಕ ಬರೆದದ್ದು? ಪ್ರತಿ ನಾಡಿನವರೂ ತಮ್ಮವರನ್ನು ಎತ್ತರದ ಮಣೆಯ ಮೇಲೆ ಕೂರಿಸಿ, ಮಿಕ್ಕವರಿಗೆ ದೂರ ತೋರಿಸಿದರು. ನಮ್ಮಂಥ ಹೊಸ ಬೌದ್ಧರಿಗಂತೂ ಯಾವ ಹಳೆಯ ಪಟ್ಟಿಯಲ್ಲೂ ಮಣೆಯಿಲ್ಲ. ಅದನ್ನು ಹೇಳಿ ಅವನೂ ನಾನೂ ಎಷ್ಟೋ ಸಲ ನಕ್ಕಿದ್ದೇವೆ.

ಕಾರಣವನ್ನು ಮಾತ್ರ ಕೇಳಬೇಡಿ.

ಮಲ್ಲಾಜಮ್ಮನವರನ್ನು ಕೇಳಿದೆನೆಂದು ಹೇಳಿ.

ದೊಡ್ಡಮಾದಯ್ಯ


ಗುಂಡ್ಲುಪೇಟೆ
25 ಜೂನ್ 2024

ಶ್ರೀ ದೊಡ್ಡಮಾದಯ್ಯನವರಿಗೆ,

ಕಾರಣವನ್ನು ಕೇಳಬೇಡಿ ಎಂಬುದು ವಾದವಲ್ಲ. ಕಾಲೇಜಿನ ದಿನಗಳಲ್ಲಿ ಎದುರಾಳಿ ಹೀಗೆ ಹೇಳಿದ್ದರೆ ತಾವೇ ಎದ್ದು ನಿಂತು ತೀರ್ಪುಗಾರರ ಕಡೆ ನೋಡುತ್ತಿದ್ದಿರಿ.

ತಾವು ಬರೆಯಲೊಲ್ಲದ ಕಾರಣವನ್ನು ನಾನೇ ಊಹಿಸಿದ್ದೇನೆ. ತಮ್ಮ ಮದುವೆಗೆ ಬಂದವನು ಊಟಕ್ಕೆ ಕೂರದೆ ಹೊರಟೆ. ತಾವು ಅದನ್ನು ಆಗ ಕೇಳಲಿಲ್ಲ. ಈಗ ಈ ಮುನ್ನುಡಿಯಲ್ಲಿ ಕೇಳುತ್ತಿದ್ದೀರಿ. ಹಾಗಿದ್ದರೆ ನೇರವಾಗಿ ಕೇಳುವುದು ಗೌರವ.

ಇನ್ನೊಂದು ಮಾತು. ನನ್ನ ಮಗ ಮೂರು ವರ್ಷ ಪ್ರತಿ ಶನಿವಾರ ತಮ್ಮ ಎದುರು ಕೂತು ಮಾತಾಡಿದ. ಮಿಕ್ಕ ಆರು ದಿನ ನನ್ನ ಎದುರು ಕೂತು ಊಟ ಮಾಡಿದ. ಎರಡರ ಅಂತರವನ್ನು ನಾನು ಬಲ್ಲೆ. ಅವನ ಮಾತುಗಳೆಲ್ಲ ತಮ್ಮಲ್ಲಿವೆ. ಒಂದು ವಾಕ್ಯದ ಕಾರಣವನ್ನು ಕೇಳಿದರೆ ಅದನ್ನೂ ಇಟ್ಟುಕೊಳ್ಳುತ್ತೀರಿ.

ಮಲ್ಲಾಜಮ್ಮನಿಗೆ ತಾವು ಕೇಳಿದುದನ್ನು ಹೇಳಿದೆ. ಅವಳು ಈಗಲೂ ಒಲೆಯ ಮುಂದೆ ಅಳತೆ ತಪ್ಪುತ್ತಾಳೆ, ಒಬ್ಬರಿಗೆ ಹೆಚ್ಚಾಗಿ ಇಟ್ಟುಬಿಡುತ್ತಾಳೆ. ಶನಿವಾರ ಮಾತ್ರ ಅಳತೆ ಸರಿಯಿರುತ್ತದೆ. ಮೊನ್ನೆ ಕೇಳಿದ್ದಕ್ಕೆ, ‘ಇವತ್ ಶನಿವಾರ ಅಲ್ವ, ಅವ್ನು ಮೇಷ್ಟ್ರ ಮನೇಲಿ ಉಂಡ್ಕತನೆ’ ಎಂದಳು. ಎಂದು ಹೇಳಿ, ಸೌಟು ಹಿಡಿದು ನಿಂತುಬಿಟ್ಟಳು.

ಹಸ್ತಪ್ರತಿಯನ್ನು ನಾನು ಹೇಳಿದ ಕ್ರಮದಲ್ಲೇ ಪ್ರೆಸ್ಸಿಗೆ ಕೊಟ್ಟಿದ್ದೇನೆ. ಇದಕ್ಕೆ ಉತ್ತರ ಬೇಕಿಲ್ಲ.

ಸಿದ್ದಮಲ್ಲಪ್ಪ


ಗುಂಡ್ಲುಪೇಟೆ
18 ಜುಲೈ 2024

ದೊಡ್ಡಮಾದಯ್ಯನವರಿಗೆ,

ಉತ್ತರ ಬೇಕಿಲ್ಲ ಎಂದಿದ್ದೆ. ತಾವು ಅದನ್ನು ಅಕ್ಷರಶಃ ಪಾಲಿಸಿದ್ದೀರಿ.

ಪ್ರೆಸ್ಸಿನಿಂದ ಕರಡು ಬಂದಿದೆ. ಅರಿಸಿನದ ಮಂಡಿಯ ಗದ್ದಲದಲ್ಲಿ ಓದಲಾಗದೆ, ಹಂಗಳದ ತೋಟದ ಪಂಪ್‌ಹೌಸಿನಲ್ಲಿ ಕೂತು ತಿದ್ದಿದೆ. ಪಕ್ಕದ ಹೊಲದಲ್ಲಿ ಚೆಂಡು ಹೂವು ಕೀಳುತ್ತಿದ್ದ ಹೆಂಗಸರು, ‘ಯಜಮಾನ್ರು ಒಬ್ರೇ ಕೂತ್ಕಂಡು ಅದ್ಯಾರ್ ಜೊತೆ ಜಗಳ ಆಡ್ತಾವ್ರೆ?’ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಗಟ್ಟಿಯಾಗಿ ಓದುತ್ತಿದ್ದೆನೆಂದು ಆಗ ತಿಳಿಯಿತು.

ನಾನು ಎರಡನೆಯದಾಗಿ ಸೇರಿಸಿದ ಆ ಅಧ್ಯಾಯ ಅಲ್ಲಿ ಕೂರುತ್ತಿಲ್ಲ. ಮೊದಲನೆಯದರಿಂದ ಅಲ್ಲಿಗೆ ಬಂದರೆ ಬೇರೆ ಯಾರೋ ಬರೆದಂತೆ ಕೇಳಿಸುತ್ತದೆ. ಮಿಕ್ಕ ನಾಲ್ಕರಲ್ಲಿ ಅವನು ಅಧ್ಯಾಪಕನಂತೆ ಬರೆದಿದ್ದಾನೆ. ಇದರಲ್ಲಿ ಒಬ್ಬ ಆಕ್ಷೇಪಕ ಬರುತ್ತಾನೆ, ಹೆಸರಿಲ್ಲದವನು. ‘ನೀನೇ ಇಲ್ಲವೆಂದಾದರೆ ನಾನು ಇಷ್ಟು ಹೊತ್ತು ಯಾರೊಡನೆ ವಾದಿಸುತ್ತಿದ್ದೇನೆ? ಗೆದ್ದರೆ ಯಾರನ್ನು ಗೆದ್ದಂತಾಯಿತು?’ ಎಂದು ಕೇಳುತ್ತಾನೆ. ಪುದ್ಗಲವಾದಿಗಳ ಮಾತೆಲ್ಲ ಅವನಿಗೆ ಕೊಟ್ಟ ಉತ್ತರವಾಗಿಯೇ ಬರುತ್ತದೆ.

ಆ ದನಿ ನನ್ನದು. 1982ರಲ್ಲಿ ಮೈಸೂರಿನ ಅಂತರಕಾಲೇಜು ಚರ್ಚಾಸ್ಪರ್ಧೆಯಲ್ಲಿ ನಾನು ಈ ವಾಕ್ಯದಿಂದಲೇ ಮುಗಿಸಿದ್ದೆ. ಷೀಲ್ಡು ನಮ್ಮಿಬ್ಬರ ಜೋಡಿಗೆ ಬಂತು. ಆದರೆ ಬೌದ್ಧರ ವಿಷಯವಾಗಿ ನನ್ನ ಮಗನೊಡನೆ ನಾನು ಒಂದು ಮಾತನ್ನೂ ಆಡಿದವನಲ್ಲ. ಇಂಥದೊಂದು ಪುಸ್ತಕವಿದೆಯೆಂದೇ ನನಗೆ ತಿಳಿದಿರಲಿಲ್ಲ.

ನಾನು ಕೇಳದ ಪ್ರಶ್ನೆಗೆ ಅವನು ಮೂವತ್ತು ಪುಟ ಉತ್ತರ ಬರೆದಿದ್ದಾನೆ. ಪ್ರಶ್ನೆ ಅವನಿಗೆ ಎಲ್ಲಿ ಸಿಕ್ಕಿತು?

ಇದೊಂದನ್ನು ತಾವು ಹೇಳಬೇಕು. ಪ್ರೆಸ್ಸಿನ ಕೆಲಸವನ್ನು ನಿಲ್ಲಿಸಿದ್ದೇನೆ.

ಸಿದ್ದಮಲ್ಲಪ್ಪ


ಚಾಮರಾಜನಗರ
2 ಆಗಸ್ಟ್ 2024

ಸಿದ್ದಮಲ್ಲಪ್ಪ ಅವರೇ,

ಎರಡು ವಾರ ತಡಮಾಡಿದೆ. ಬರೆದು ಹರಿದೆ ಎನ್ನುವುದಕ್ಕಿಂತ, ಬರೆಯಲು ಕೂತು ಎದ್ದೆ ಎನ್ನುವುದು ಸರಿ.

ಮದುವೆಯ ಊಟದ ಮಾತಿಗೆ ಮೊದಲು ಉತ್ತರಿಸುತ್ತೇನೆ. ಅದು ಕಾರಣವಲ್ಲ. ಅಂದು ನೋವಾಯಿತು, ಅದನ್ನು ಇಲ್ಲವೆನ್ನುವುದಿಲ್ಲ. ಆದರೆ ನಿಮ್ಮ ಮಗ ಮೂರು ವರ್ಷ ನಮ್ಮ ಮನೆಯಲ್ಲಿ ಉಂಡು, ಆ ಎಲೆಯನ್ನು ನಿಮ್ಮ ಪರವಾಗಿ ಎತ್ತಿಬಿಟ್ಟ.

ಸ್ಪರ್ಧೆಯ ಹಿಂದಿನ ಸಂಜೆ ಹಾಸ್ಟೆಲ್ಲಿನ ತಾರಸಿಯ ಮೇಲೆ ನಾವು ಮಾಡುತ್ತಿದ್ದುದು ನಿಮಗೆ ನೆನಪಿರಬೇಕು. ಒಬ್ಬ ತನ್ನ ವಾದವನ್ನು ಮಂಡಿಸುವುದು, ಇನ್ನೊಬ್ಬ ನಾಳೆಯ ಎದುರಾಳಿಯಾಗಿ, ಅವನದೇ ಧಾಟಿಯಲ್ಲಿ, ಅವನದೇ ಕುತರ್ಕದಲ್ಲಿ ಅಡ್ಡ ಹಾಕುವುದು. ‘ಎದುರು ಕೂರು’ ಎನ್ನುತ್ತಿದ್ದೆವು ಅದಕ್ಕೆ.

ಬಸವಪ್ರಸಾದ ಮೊದಲ ಸಲ ಬಂದದ್ದು ಬುದ್ಧನಿಗಾಗಿ ಅಲ್ಲ. ಬಾಗಿಲಲ್ಲೇ ನಿಂತು ಕೇಳಿದ: ‘ಸಾರ್, ನೀವು ನಮ್ಮ ಅಪ್ಪಾಜಿ ಜೊತೆ ಡಿಬೇಟ್ ಮಾಡ್ತಿದ್ರಂತೆ. ಅವ್ರ ಮುಂದೆ ಮಾತು ಪೂರ್ತಿ ಮುಗ್ಸೋದು ಹೆಂಗೆ ಸಾರ್?’ ನಾನು ನಕ್ಕು ಒಳಗೆ ಕರೆದೆ. ಪುಸ್ತಕ ಶುರುವಾದದ್ದು ಆಮೇಲೆ. ಒಡೆಯರಪಾಳ್ಯದ ಟಿಬೆಟ್ಟಿಯನ್ನರ ಮಠಕ್ಕೆ ಇಬ್ಬರೂ ಹೋಗಿ, ಅವರ ವಾದ ನೋಡಿ ಬಂದೆವು. ಅಲ್ಲಿ ಉತ್ತರ ಕೊಡಬೇಕಾದವನು ನೆಲದ ಮೇಲೆ ಕೂರುತ್ತಾನೆ, ಕೇಳುವವನು ನಿಂತು ಚಪ್ಪಾಳೆ ತಟ್ಟಿ ಕೇಳುತ್ತಾನೆ. ಅಂದಿನಿಂದ ಅವನು ಶನಿವಾರದ ಊಟಕ್ಕೆ ಮುಂಚೆ ನನ್ನನ್ನು ಚಾಪೆಯ ಮೇಲೆ ಕೂರಿಸತೊಡಗಿದ.

‘ಸಾರ್, ಅಪ್ಪಾಜಿ ಆಗಿ ಎದುರು ಕೂತ್ಕೊಳಿ.’

‘ಕೂತೆ ಕಣಪ್ಪ. ಏನ್ ನಿನ್ ಸಮಾಚಾರ?’

‘ಅಪ್ಪಾಜಿ ಸಮಾಚಾರ ಅನ್ನಲ್ಲ ಸಾರ್. “ವಿಷಯ ಏನು” ಅಂತಾರೆ. ಮುಖಾನೂ ನೋಡಲ್ಲ.’

‘ವಿಷಯ ಏನು?’

‘ಒಂದು ಪುಸ್ತಕ ಬರೀತಿದ್ದೀನಿ. ನೀವು ಮುನ್ನುಡಿ ಬರ್ಕೊಡಬೇಕು.’

ನಾನು ನೀವಾಗಿ, ಷೀಲ್ಡು ಗೆದ್ದುಕೊಟ್ಟ ನಿಮ್ಮ ಆ ಮಾತನ್ನೇ ಎಸೆದೆ: ‘ಆತ್ಮವೇ ಇಲ್ಲ ಅಂದೋರ ಪುಸ್ತಕ. ನೀನೇ ಇಲ್ಲ ಅಂದ್ಮೇಲೆ ಬರ್ದೋನ್ ಯಾರು? ನಾನ್ ಇಷ್ಟೊತ್ತು ಯಾರ್ ಜೊತೆ ವಾದ ಮಾಡ್ತಿದ್ದೀನಿ?’

ಒಳಗಿಂದ ಕುಮಾರಿ ಕೂಗಿದಳು: ‘ಅಯ್ಯೋ ಬುಡಿ ಅತ್ಲಾಗೆ, ಮುದ್ದೆ ಆರೋಯ್ತದೆ. ಕಣ್ಮುಂದೆ ನಿಂತಿರೋ ಮಗೀನ ಇಲ್ಲ ಅಂತರಲ್ಲ, ಎಂಥ ಮೇಷ್ಟ್ರು ಕಣಪ್ಪ ನೀವು! ಬಾ ಮಗ, ಉಣ್ಣು. ಇಲ್ದೇ ಇರೋನ್ಗೆ ಎಲ್ಡು ಮುದ್ದೆ ಸಾಕಾ, ಮೂರು ಇಕ್ಕ್‌ಲಾ?’

ಎಷ್ಟು ನಕ್ಕನೆಂದರೆ, ಕಣ್ಣಲ್ಲಿ ನೀರು ಬಂತು ಅವನಿಗೆ.

ಆಮೇಲಿನ ಎರಡು ತಿಂಗಳು ಆ ಪ್ರಶ್ನೆಯನ್ನೇ ಹಿಡಿದು ಓದಿದ. ಒಂದು ಶನಿವಾರ ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ಬಂದ. ‘ಸಾರ್, ಅಪ್ಪಾಜಿ ಕೇಳೋ ಪ್ರಶ್ನೆ ಕೇಳ್ದೋರು ಬೌದ್ಧರೊಳಗೇ ಇದ್ರು! ಚೀನಾದಿಂದ ಬಂದ ಯಾತ್ರಿಕರು ನೋಡಿದಾಗ ಅವರದೇ ದೊಡ್ಡ ಪಂಗಡ. ಎಲ್ಲಾ ಪಟ್ಟಿಯೋರೂ ಸೇರಿ ಅವರನ್ನ ಆಚೆ ನಿಲ್ಸವ್ರೆ. ಅಪ್ಪಾಜಿನ ಕೂರ್ಸೋಕೆ ಕೊನೇಗೂ ಒಂದು ಜಾಗ ಸಿಕ್ತು ಸಾರ್.’

ಐದನೆಯ ಅಧ್ಯಾಯ ಅವನ ಸಿದ್ಧಾಂತವಲ್ಲ, ಸಿದ್ದಮಲ್ಲಪ್ಪ. ಅದು ನಿಮಗೆ ಹಾಕಿದ ಮಣೆ. ಅಷ್ಟು ಪಂಥಗಳನ್ನು ಅವರವರ ಜಾಗದಲ್ಲಿ ಕೂರಿಸಿದ ಮೇಲೆ, ಕೊನೆಯಲ್ಲಿ ಅಪ್ಪ ಬಂದು ಕೂರಲಿ, ಕೂತು ಮುನ್ನುಡಿ ಬರೆಯಲಿ ಎಂಬುದು ಅವನ ಲೆಕ್ಕ. ಅದಕ್ಕೇ ಅದನ್ನು ಕದಲಿಸಬೇಡಿ ಎಂದೆ. ಅದಕ್ಕೇ ಮುನ್ನುಡಿ ನನ್ನದಲ್ಲ ಎಂದೆ. ಕಾರಣವನ್ನು ಹೇಳಿದ್ದರೆ, ನಿಮ್ಮ ಮಗ ನಿಮ್ಮಲ್ಲಿ ಒಂದು ಮುನ್ನುಡಿ ಕೇಳಲು ಮೂರು ವರ್ಷ ನನ್ನ ಮನೆಯಲ್ಲಿ ಅಭ್ಯಾಸ ಮಾಡಿದನೆಂದೂ ಹೇಳಬೇಕಾಗುತ್ತಿತ್ತು. ಅದನ್ನು ಕೇಳಿ ನೀವು ಆ ಮನೆಯಲ್ಲಿ ಹೇಗೆ ಕೂರುತ್ತೀರೆಂದು ಯೋಚಿಸಿದೆ.

ಕೊನೆಯ ಶನಿವಾರದ್ದನ್ನೂ ಹೇಳಿಬಿಡುತ್ತೇನೆ. ಅಂದು ಅವನು ನಿಂತು ಬಹಳ ಚೆನ್ನಾಗಿ ಕೇಳಿದ. ನನಗೆ ಆಟ ಮರೆತುಹೋಯಿತು. ‘ಬರೀತೀನಿ ಕಣ್ಲಾ ಮಗ, ತಕ್ಕೊಂಬಾ’ ಎಂದುಬಿಟ್ಟೆ. ಅವನು ಇಲ್ಲವೆಂದು ತಲೆಯಾಡಿಸಿದ.

‘ಅಪ್ಪಾಜಿ ಇಷ್ಟ್ ಬೇಗ ಒಪ್ಪಲ್ಲ ಸಾರ್. ಮುಂದಿನ ವಾರ ಸರಿಯಾಗಿ ಕೂತ್ಕೊಳಿ.’

ಬೈಕಿನ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು. ಇಷ್ಟೇ ನನ್ನಲ್ಲಿದ್ದದ್ದು.

ಮಾದಯ್ಯ


ಗುಂಡ್ಲುಪೇಟೆ
20 ಆಗಸ್ಟ್ 2024

ಮಾದಯ್ಯ,

ನಿನ್ನ ಪತ್ರ ಬಂದು ಎರಡು ವಾರವಾಯಿತು. ಮಲ್ಲಾಜಮ್ಮನಿಗೆ ಓದಿ ಹೇಳಿದೆ. ಮುದ್ದೆಯ ಮಾತು ಬಂದಾಗ ಅವಳು ನಕ್ಕಳು. ಈ ಮನೆಯಲ್ಲಿ ವರ್ಷದಿಂದ ಆ ಸದ್ದು ಇರಲಿಲ್ಲ. ಕೊನೆಯ ಶನಿವಾರದ ಭಾಗವನ್ನು ನಾನು ಓದಲಿಲ್ಲ; ಪತ್ರ ಅಲ್ಲಿಗೇ ಮುಗಿಯಿತೆಂದೆ. ಅವಳು ನಂಬಲಿಲ್ಲ, ಕೇಳಲೂ ಇಲ್ಲ.

ಪ್ರೆಸ್ಸಿಗೆ ಹೋಗಿ ಅಧ್ಯಾಯಗಳನ್ನು ಅವನಿಟ್ಟ ಕ್ರಮಕ್ಕೇ ಹಾಕಿಸಿದ್ದೇನೆ. ಐದನೆಯದು ಕೊನೆಯಲ್ಲಿದೆ. ಕೊನೆಯಲ್ಲಿ ನಿಂತವನು ಗೆದ್ದವನೆಂದೇ ಇಷ್ಟು ವರ್ಷ ತಿಳಿದಿದ್ದೆ. ಬರಬೇಕಾದವನು ಬರಲೆಂದು ಕೊನೆಯ ಜಾಗವನ್ನು ಖಾಲಿ ಬಿಡುವವರೂ ಇರುತ್ತಾರೆಂದು ನನಗೆ ಹೊಳೆಯಲಿಲ್ಲ.

ನಿನ್ನ ಪಾತ್ರದ ಬಗ್ಗೆ ಒಂದು ಆಕ್ಷೇಪವಿದೆ. ನೀನು ಅವನ ಮುಂದೆ ಆಡಿದ್ದು ನಲವತ್ತು ವರ್ಷದ ಹಿಂದಿನ ಸಿದ್ದಮಲ್ಲಪ್ಪನನ್ನು. ಷೀಲ್ಡು ಗೆಲ್ಲುವ ಆ ಹುಡುಗ ನನ್ನಲ್ಲಿ ಎಂದೋ ತೀರಿಹೋಗಿದ್ದ. ‘ನೀನೇ ಇಲ್ಲವೆಂದಾದರೆ ನಾನು ಯಾರೊಡನೆ ವಾದಿಸುತ್ತಿದ್ದೇನೆ’ ಎಂದು ನಾನು ನನ್ನ ಮಗನನ್ನು ಎಂದೂ ಕೇಳುತ್ತಿರಲಿಲ್ಲ.

ಈಗ ಕೇಳುತ್ತಿದ್ದೇನೆ. ಪಂಪ್‌ಹೌಸಿನಲ್ಲಿ ಕೂತು, ದಿನವೂ.

ಆ ಅಧ್ಯಾಯದಲ್ಲಿ ಅವನು ಒಂದು ಕಡೆ ಬರೆದಿದ್ದಾನೆ: ಪುದ್ಗಲವಾದಿಗಳ ಸ್ವಂತ ಗ್ರಂಥಗಳು ಬಹುಪಾಲು ಹೋಗಿವೆ, ಅವರನ್ನು ಖಂಡಿಸಲು ಹೊರಟವರು ಅವರ ಮಾತನ್ನು ಮೊದಲು ಎತ್ತಿ ಹೇಳಿದ್ದರಿಂದಲೇ ಅವರು ಏನೆಂದರೆಂದು ನಮಗೆ ತಿಳಿಯುತ್ತದೆ, ಅವರು ಎದುರಾಳಿಯ ಬಾಯಲ್ಲಿ ಉಳಿದವರು ಎಂದು. ಮೊದಲ ಸಲ ಓದಿದಾಗ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ‘ದುರ್ಬಲ ಪುರಾವೆ’ ಎಂದು ಗುರುತು ಹಾಕಿದ್ದೆ. ನಿನ್ನ ಪತ್ರ ಬಂದ ದಿನ ಅದನ್ನು ಅಳಿಸಿದೆ. ನನ್ನ ಮಗ ನನ್ನಲ್ಲಿ ಏನು ಕೇಳಬೇಕೆಂದಿದ್ದ ಎಂಬುದಕ್ಕೆ ನನಗಿರುವುದು ಆ ಬಗೆಯ ಪುರಾವೆ ಒಂದೇ.

ಈಗ ಮುನ್ನುಡಿ. ನಾಲ್ಕು ಸಲ ಬರೆಯಲು ಕೂತೆ. ಬರುತ್ತಿಲ್ಲ. ಕೇಳದೆ ಇರುವವನಿಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ಅವನು ಹೇಳಿದ್ದು ಸರಿ, ನಾನು ಅಷ್ಟು ಬೇಗ ಒಪ್ಪುವವನಲ್ಲ. ಮೊದಲು ಶೀರ್ಷಿಕೆಯನ್ನು ಟೀಕಿಸುತ್ತಿದ್ದೆ. ಚೀನಾದ ಅಧ್ಯಾಯ ಉದ್ದವಾಯಿತೆನ್ನುತ್ತಿದ್ದೆ. ಇದಕ್ಕೆ ಓದುಗರು ಯಾರು ಎಂದು ಕೇಳುತ್ತಿದ್ದೆ. ಆಮೇಲೆ, ಅವನು ಹೊರಟುಹೋಗದೆ ಇನ್ನೂ ಅಲ್ಲೇ ನಿಂತಿದ್ದರೆ, ಬಹುಶಃ ಒಪ್ಪುತ್ತಿದ್ದೆ. ಈ ‘ಬಹುಶಃ’ವನ್ನು ತೆಗೆದುಹಾಕುವ ದಾರಿ ನನಗೆ ಒಂದೇ ತೋರುತ್ತಿದೆ.

ಈ ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಮಲ್ಲಾಜಮ್ಮನೂ ಬರುತ್ತಾಳೆ, ಅವನು ಉಣ್ಣುತ್ತಿದ್ದ ಮನೆಯನ್ನು ನೋಡಬೇಕಂತೆ. ಕುಮಾರಿಯಮ್ಮನವರಿಗೆ ಹೇಳು, ನಲವತ್ತು ವರ್ಷ ತಡವಾಗಿ ನಾನು ಊಟಕ್ಕೆ ಕೂರುತ್ತೇನೆ. ಆದರೆ ಊಟಕ್ಕೆ ಮುಂಚೆ ಆ ಚಾಪೆಯನ್ನು ಹಾಸು. ಅದರ ಮೇಲೆ ಮೂರು ವರ್ಷ ನನ್ನ ಬದಲು ನೀನು ಕೂತೆ. ಇನ್ನು ನಾನು ಕೂರುತ್ತೇನೆ. ನೀನು ಅವನಾಗಿ ನಿಲ್ಲು. ಅವನು ಹೇಗೆ ಕೇಳುತ್ತಿದ್ದನೋ ಹಾಗೆ, ಅವನದೇ ಮಾತಿನಲ್ಲಿ, ಕೇಳು. ನಾನು ಅಡ್ಡ ಹಾಕಿದರೆ ಬಿಡಬೇಡ, ನಿಂತಿರು.

ಎಷ್ಟು ಹೊತ್ತಿಗೆ ಒಪ್ಪುತ್ತೇನೆಂದು ನನಗೇ ತಿಳಿಯಬೇಕಾಗಿದೆ.

ಸಿದ್ದಮಲ್ಲಪ್ಪ